ಕುರ್ಚಿಗೆ ಚೆಂಡು ತೊಡಿಸಿದ ಅತ್ತಿಗೆ

ಹೇಳಬೇಕು, ಹೇಳಬೇಕು ಎಂದುಕೊಂಡೇ ಇಪ್ಪತ್ತು ವರ್ಷ ತಳ್ಳಿದ್ದೇನೆ. ಸುಲಭದ್ದನ್ನು ಮೊದಲು ಹೇಳಿಬಿಡುತ್ತೇನೆ: ನನ್ನ ಅತ್ತಿಗೆ ಕಳ್ಳಿ. ನಂಬದಿದ್ದರೆ ದೆಹಲಿಯ ಪೀತಮ್‌ಪುರದ ನಮ್ಮ ಬ್ಲಾಕಿನ ಹುಡುಗರನ್ನು ಕೇಳಿ. ಕ್ರಿಕೆಟ್ ಆಡುವಾಗ ಟೆನಿಸ್ ಚೆಂಡು ಅತ್ತಿಗೆಯ ಬಾಲ್ಕನಿಗೆ ಬಿತ್ತೆಂದರೆ ಮುಗಿಯಿತು, ಅದು ಆಟಕ್ಕೆ ಮರಳಿದ್ದನ್ನು ಕಂಡವರಿಲ್ಲ.

"ಆಂಟಿ, ಬಾಲ್ ದೇ ದೋ ನಾ."

"ಚಾರ್ ಪುರಾನೇ ಲಾವೋ, ಏಕ್ ನಯಾ ಲೇ ಜಾವೋ."

ನಾಲ್ಕು ಹಳೆಯದಕ್ಕೆ ಒಂದು ಹೊಸದು! ಮರುದಿನದಿಂದ ಪಕ್ಕದ ಬ್ಲಾಕಿನಲ್ಲೂ ಚೆಂಡುಗಳು ಕಾಣೆಯಾಗತೊಡಗಿದವು.

ಅತ್ತಿಗೆ ಶಾಲೆಯಲ್ಲಿ ಮೇಡಂ. ಕಿವಿ ಕೇಳದ, ಕಡಿಮೆ ಕೇಳುವ ಮಕ್ಕಳು ಉಳಿದವರ ಜೊತೆಗೇ ಕೂತು ಕಲಿಯಲು ನೆರವಾಗುವುದು ಅವರ ಕೆಲಸ. ನಾನು ಅಲ್ಲೇ ಸ್ಟೋರ್‌ಕೀಪರ್. ಹೈಸ್ಕೂಲು ಮುಗಿಸಿ ಅಲೆಯುತ್ತಿದ್ದವನಿಗೆ ಆ ಕೆಲಸ ಕೊಡಿಸಿದವರೂ ಅವರೇ. ಏಳನೇ ತರಗತಿಯಲ್ಲಿ ಅಂಥ ಮೂವರು ಮಕ್ಕಳಿದ್ದರು. ಆ ಕೋಣೆಯ ಪ್ರತಿ ಕುರ್ಚಿಯ ಪ್ರತಿ ಕಾಲಿಗೂ ಒಂದೊಂದು ಚೆಂಡನ್ನು ಕೊಯ್ದು ತೊಡಿಸಬೇಕೆಂದು ನನಗೆ ಅಪ್ಪಣೆಯಾಯಿತು. ನಲವತ್ತು ಕುರ್ಚಿ, ನೂರ ಅರವತ್ತು ಕಾಲು.

"ಕುರ್ಚಿಗೂ ಬೂಟು ಬೇಕಾ ಅತ್ತಿಗೆ?"

ಅವರು ನನ್ನ ಕಿವಿಗೊಂದು ಶ್ರವಣಯಂತ್ರ ಸಿಕ್ಕಿಸಿ, ಬರಿಗಾಲಿನ ಕುರ್ಚಿಯೊಂದನ್ನು ಎಳೆದರು. ನಾನು ಬಾಗಿಲವರೆಗೆ ಹಾರಿದೆ.

"ಗೊತ್ತಾಯ್ತಾ ಮಾರಾಯ? ಈ ಮಿಷನ್ನಿಗೆ ಟೀಚರ ಮಾತೂ ಒಂದೇ, ಕುರ್ಚಿ ಎಳೆಯೋದೂ ಒಂದೇ. ಎಲ್ಲಾನೂ ದೊಡ್ಡದು ಮಾಡ್ತದೆ."

ಗೊತ್ತಾಗಿತ್ತು. ಗೊತ್ತಿದ್ದೂ ಮಾಡಿದೆ. ಆ ಮೂವರನ್ನು ಇಲ್ಲೇ ಇಟ್ಟುಕೊಳ್ಳಬೇಕೋ, ಬೇರೆ ಶಾಲೆಗೆ ಕಳಿಸಬೇಕೋ ಎಂದು ನೋಡಲು ಆಡಳಿತ ಮಂಡಳಿಯವರು ಬರುವ ದಿನ, ಮಾಸಿದ ಚೆಂಡುಗಳು ನನ್ನ ಕಣ್ಣಿಗೆ ಕೊಳಕಾಗಿ ಕಂಡವು. ಸ್ಟೋರ್‌ಕೀಪರನ ಮಾನದ ಪ್ರಶ್ನೆಯಲ್ಲವೇ? ಬೆಳಿಗ್ಗೆಯೇ ಹೋಗಿ ಎಲ್ಲವನ್ನೂ ಕಿತ್ತು ಗೋಣಿಚೀಲಕ್ಕೆ ತುಂಬಿದೆ.

ಮಂಡಳಿಯವರು ಒಳಬಂದರು. ನಲವತ್ತು ಮಕ್ಕಳು ಒಟ್ಟಿಗೆ ಎದ್ದರು. ಆ ಸದ್ದಿಗೆ ಮೂವರೂ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡರು. ಅಧ್ಯಕ್ಷರು ಪ್ರಶ್ನೆ ಕೇಳಿದರೆ, ಮೂವರಲ್ಲಿ ಚುರುಕಾದ ನೇಹಾ ಕಿಟಕಿಯಾಚೆ ನೋಡುತ್ತಿದ್ದಳು.

"ಬಸ್ ಇತನಾ ಹೀ, ಮೇಡಂ?" ಎಂದರು ಅಧ್ಯಕ್ಷರು, ಕಲಿತದ್ದು ಇಷ್ಟೇನಾ ಎಂಬಂತೆ.

ಅತ್ತಿಗೆ ಕುರ್ಚಿಗಳ ಕಾಲು ನೋಡಿದರು. ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ತೊಳೆಯಲೆಂದು ಚೆಂಡುಗಳನ್ನು ತಾವೇ ತೆಗೆಸಿದ್ದಾಗಿ ಹಿಂದಿಯಲ್ಲಿ ವಿವರಿಸಿ, "ಗಲತಿ ಮೇರಿ ಹೈ, ಸರ್. ಆಪ್ ಜರಾ ಕುರ್ಸಿ ಪಕಡಿಯೇ," ಎಂದು ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡು, ಕುರ್ಚಿ ಹಿಡಿಯಲು ಅಧ್ಯಕ್ಷರಿಗೇ ಹೇಳಿ, ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಚೆಂಡು ತೊಡಿಸತೊಡಗಿದರು. ವರ್ಷಗಟ್ಟಲೆ ಕುರ್ಚಿ ಬಿಡದಿದ್ದ ಅಧ್ಯಕ್ಷರು ಅಂದು ಅದನ್ನು ತಲೆಕೆಳಗಾಗಿ ಹಿಡಿದು ನಿಂತರು!

ಆಮೇಲೆ ಯಂತ್ರವನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ ನೇಹಾ ಅಧ್ಯಕ್ಷರ ಮೂರು ಪ್ರಶ್ನೆಗೂ ಉತ್ತರಿಸಿದಳು. ನಾಲ್ಕನೆಯದನ್ನು ತಾನೇ ಅಧ್ಯಕ್ಷರಿಗೆ ಕೇಳಿದಳು. ಅವರಿಗೆ ಬರಲಿಲ್ಲ. ಮೂವರೂ ಶಾಲೆಯಲ್ಲಿ ಉಳಿದರು. ಅತ್ತಿಗೆಗೆ ಮಾತ್ರ ನಿರ್ಲಕ್ಷ್ಯಕ್ಕಾಗಿ ಲಿಖಿತ ಎಚ್ಚರಿಕೆ ಬಂತು.

ಆ ಸಂಜೆ ಮೆಟ್ರೋದಲ್ಲಿ ಪಕ್ಕಪಕ್ಕ ಕೂತಿದ್ದೆವು. ನಾನು ಎದುರಿನ ನಿಲ್ದಾಣಗಳ ಪಟ್ಟಿಯನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಅವರು ಕೇಳಿದ್ದು ಇಷ್ಟೇ: "ಬೆಳಿಗ್ಗೆ ಅಷ್ಟು ಬೇಗ ಬಂದಿದ್ದೆಯಲ್ಲ, ತಿಂಡಿ ತಿಂದಿದ್ಯಾ?"

ಅದಾದ ಮೇಲೂ ಹನ್ನೊಂದು ವರ್ಷ ಅವರ ಕೈಯ ಊಟ ಉಂಡೆ. ಹೇಳಲು ಸಮಯ ಸಿಗಲಿಲ್ಲವೇ? ಪ್ರತಿ ಭಾನುವಾರವೂ ಇತ್ತು. ಈಗ ಅವರಿಲ್ಲ. ಹಿರಿಯರ ಹೆಸರು ಹಿಡಿಯಬಾರದೆಂದು ಜೀವಮಾನವಿಡೀ ಹಿಡಿದವನಲ್ಲ. ಇಂದು ಹಿಡಿಯುತ್ತೇನೆ. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟವರ ಹೆಸರು ವನಜಾಕ್ಷಿ.