ಗಂಡನ ಹೆಸರಿಲ್ಲದೆ ಮುಂದೆ ಹೋಗದ ಕಂಪ್ಯೂಟರ್

ತಾನು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಲ್ಲವನು ಪುಣ್ಯವಂತ. ಮಾಸ್ತರ, ಕಂಡಕ್ಟರ, ಬಡಗಿ ಎಂದುಬಿಟ್ಟರೆ ಮುಗಿಯಿತು. ಎದುರಿಗಿದ್ದವರು ತಲೆಯಾಡಿಸಿ ಮಳೆಯ ಸುದ್ದಿಗೆ ಹೋಗುತ್ತಾರೆ. ನಾನು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನು. ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು, ಬಿಲ್ಲು, ರಕ್ತದ ವರದಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಇಡುವುದು, ಬೇಕೆಂದಾಗ ತೆಗೆದುಕೊಡುವುದು ನನ್ನ ಕೆಲಸವಾಗಿತ್ತು. ಮದುವೆಯಾಗಿ ವರ್ಷ ತುಂಬುವುದರೊಳಗೆ ನನ್ನ ಹೆಂಡತಿ ವಿಜಯಾಗೆ ಅಂಬಿಕಾನಗರದ ವಿದ್ಯುತ್ ಕೇಂದ್ರದಲ್ಲಿ ಜೂನಿಯರ್ ಎಂಜಿನಿಯರ್ ಹುದ್ದೆ ಸಿಕ್ಕಿತು, ಜೊತೆಗೆ ಕ್ವಾರ್ಟರ್ಸು. ಹೆಂಡತಿಯ ಹಿಂದೆ ಗಂಡ ಹಾಸಿಗೆ ಸುತ್ತಿಕೊಂಡು ಬರುವುದನ್ನು ಆ ಕಾಲನಿ ಅಲ್ಲಿಯವರೆಗೆ ನೋಡಿರಲಿಲ್ಲವೆಂದು ಕಾಣುತ್ತದೆ. ಲಾರಿಯಿಂದ ನಮ್ಮ ಸಾಮಾನು ಇಳಿಯುವಾಗ ಎಲ್ಲರೂ ಬಾಗಿಲಿಗೆ ಬಂದು ನಿಂತಿದ್ದರು. ಸ್ಟವ್ ಹೊತ್ತವನು ನಾನು, ಸಹಿ ಮಾಡಿದವಳು ಅವಳು.

ಬರುವ ಮುಂಚೆ ಹುಬ್ಬಳ್ಳಿಯ ಮ್ಯಾನೇಜರು ಒಂದು ಉಪಕಾರ ಮಾಡಿದ್ದರು. "ದೀಪಾವಳಿತನಕ ನಿನ್ನ ಕುರ್ಚಿ ಖಾಲಿ ಇಡ್ತೇನಿ. ಅಲ್ಲೆ ಏನೂ ಹತ್ತಲಿಲ್ಲ ಅಂದ್ರ ವಾಪಸ್ ಬಾ" ಎಂದಿದ್ದರು. ಹಾಗೆ ವಾಪಸು ಹೋದರೆ ನಮ್ಮದು ಶನಿವಾರ ಸಂಜೆ ಸೇರಿ ಸೋಮವಾರ ನಸುಕಿಗೆ ಮುರಿಯುವ ಸಂಸಾರ. ಅದು ಬೇಡವೆಂದೇ ಅಲ್ಲವೇ ನಾನು ಸ್ಟವ್ ಹೊತ್ತದ್ದು? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಇಷ್ಟು ಊರುಗಳಲ್ಲಿ ಒಂದಾದರೂ ಆಸ್ಪತ್ರೆಗೆ ನಾನು ಬೇಕಾಗದೆ ಇರುತ್ತೇನೆಯೇ ಎಂದು ಲೆಕ್ಕ ಹಾಕಿದ್ದೆ. ಕಾಯಿಲೆ ಎಲ್ಲ ಕಡೆಯೂ ಇರುತ್ತದೆ ಎನ್ನುವ ನನ್ನ ಲೆಕ್ಕ ಸರಿಯಾಗಿತ್ತು. ಕಂಪ್ಯೂಟರ್ ಎಲ್ಲ ಕಡೆಯೂ ಇರುವುದಿಲ್ಲ ಎನ್ನುವುದು ಹೊಳೆದಿರಲಿಲ್ಲ.

ಕಾಲನಿಯಲ್ಲಿ ಸುದ್ದಿ ಹರಡಿತು. ಅರ್ಧ ಜನರ ಕಿವಿಗೆ 'ಆಸ್ಪತ್ರೆ' ಮಾತ್ರ ಬಿದ್ದಿತ್ತು, ಉಳಿದರ್ಧಕ್ಕೆ 'ಕಂಪ್ಯೂಟರ್' ಮಾತ್ರ. ಮೊದಲ ಪಂಗಡದ ಮುಂದಾಳು ಪಕ್ಕದ ಮನೆಯ ಶಾಂತಕ್ಕ. "ತಮ್ಮಾ, ಈ ಮೊಣಕಾಲು ಭಾಳ ನೂಸಾಕತ್ತೈತಿ, ನೋಡಪಾ" ಎಂದು ಕಾಲು ಚಾಚಿ ಕುಳಿತರು. ನಾನು ಡಾಕ್ಟರಲ್ಲ, ರೋಗಿಗಳ ಹೆಸರನ್ನು ಕಂಪ್ಯೂಟರಿನಲ್ಲಿ ಹಾಕುವವನು ಅಷ್ಟೇ ಎಂದು ಬಿಡಿಸಿ ಹೇಳಿದೆ. "ಹಂಗಾರ ನನ್ನ ಹೆಸರೂ ಹಾಕು. ಎಲ್ಲೆರೆ ಒಂದ ಕಡೆ ಹತ್ತಿದ್ರ ಕಡಿಮಿ ಆದೀತು" ಎಂದರು. ಅದೇ ಸಂಜೆ ಅವರ ಯಜಮಾನರು, ಚಿತ್ರ ಉರುಳುತ್ತಿದ್ದ ಟಿ.ವಿ.ಯನ್ನು ಹೊತ್ತುಕೊಂಡೇ ಬಂದರು. ಚಿಕ್ಕಂದಿನಿಂದ ದಿನಾಂಕ ಹಾಕಿ ದಿನಚರಿ ಬರೆಯುವ ಚಟ ನನ್ನದು. ಅದರಲ್ಲಿ 'ನೋವು' ಎಂದೊಂದು, 'ರಿಪೇರಿ' ಎಂದೊಂದು, 'ಕೆಲಸ' ಎಂದೊಂದು ಸಾಲು ಎಳೆದು ಗೀಟು ಹಾಕುತ್ತಾ ಹೋದೆ. ಶ್ರಾವಣ ಮುಗಿಯುವ ಹೊತ್ತಿಗೆ ನೋವು ಹದಿನೇಳು, ರಿಪೇರಿ ಒಂಬತ್ತು. ಮೂರನೆಯ ಸಾಲಿನ ಬುಡದಲ್ಲಿ ಸೊನ್ನೆ ಬರೆದು, ಸ್ವಲ್ಪ ದುಂಡಗಾಗಲೆಂದು ಇನ್ನೊಮ್ಮೆ ತಿದ್ದಿದೆ.

ಅಲೆದಾಟಕ್ಕೇನೂ ಕಡಿಮೆ ಮಾಡಲಿಲ್ಲ. ದಾಂಡೇಲಿಯ ಒಬ್ಬ ಡಾಕ್ಟರು, "ಕಂಪ್ಯೂಟರ್ ಐತ್ರಿ, ಆದ್ರ ಮನ್ಯಾಗೈತಿ, ಹುಡುಗೂರು ಕಾರು ಓಡಸ್ತಾವ" ಎಂದರು. ಜೋಯಿಡಾ ಕಡೆಯ ಒಂದು ದವಾಖಾನೆಗೆ ಹೋದಾಗ ಕರೆಂಟು ಹೋಗಿತ್ತು. ಅಲ್ಲಿಯ ನರ್ಸಬಾಯಿ ಮೇಣದಬತ್ತಿ ಹಿಡಿದು ನನ್ನ ಸರ್ಟಿಫಿಕೇಟು ಓದಿ, "ನಿಮ್ಮ ಮಿಸೆಸ್ಸು ಏನ್ ಮಾಡ್ತಾರ?" ಎಂದು ಕೇಳಿದರು. ಕರೆಂಟು ತಯಾರಿಸುತ್ತಾಳೆ ಎಂದು ಹೇಳಲು ಧೈರ್ಯವಾಗದೆ ಬಸ್ಸಿನ ನೆಪ ಹೇಳಿ ಎದ್ದೆ. ಮುಂಡಗೋಡದಲ್ಲಿ ಕಣ್ಣಿಗೆ ಸಂಬಂಧಪಟ್ಟ ಒಂದು ಕಡೆ ಕಂಪ್ಯೂಟರ್ ಇದೆಯೆಂದು ಯಾರೋ ಹೇಳಿದ್ದರಿಂದ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೂ ಹೋದೆ. ಅದು ಕನ್ನಡಕದ ಅಂಗಡಿ. "ಕಂಪ್ಯೂಟರ್ ಐತಂತಲ್ರಿ?" ಎಂದೆ. "ಐತ್ರಿ, ಕೂಡ್ರಿ" ಎಂದವರೇ ನನ್ನ ಗದ್ದವನ್ನು ಯಂತ್ರದ ಮೇಲೆ ಇಡಿಸಿದರು. ಅಷ್ಟು ದೂರ ಹೋಗಿ ಸುಮ್ಮನೆ ಬರುವುದೇಕೆಂದು ನಾನೂ ಕೊನೆಯ ಸಾಲಿನವರೆಗೆ ಓದಿದೆ. "ನಿಮಗ ಏನೂ ತೊಂದ್ರಿ ಇಲ್ರಿ" ಎಂದರು. ಆ ತಿಂಗಳು ನನಗೆ ತೊಂದರೆಯಿಲ್ಲವೆಂದು ಹೇಳಿದ ಮನುಷ್ಯ ಅವರೊಬ್ಬರೇ.

ಕಡೆಗೆ ಬಾಗಿಲು ತೆರೆದದ್ದು ಹಳಿಯಾಳದಲ್ಲಿ. ಅಲ್ಲಿಯ ಡಾಕ್ಟರ್ ಕುಲಕರ್ಣಿ ತಮ್ಮ ಸಣ್ಣ ಆಸ್ಪತ್ರೆಗೆ ಕಂಪ್ಯೂಟರ್ ತರಿಸಿ ಪೂಜೆ ಮಾಡಿಸಿ, ಮುಂದೇನು ಮಾಡಬೇಕೆಂದು ತೋಚದೆ ಹಾಗೇ ಇಟ್ಟಿದ್ದರು. ಅವರ ಹೆಂಡತಿ ಕಸೂತಿ ಹಾಕಿದ ಹೊದಿಕೆಯ ಕೆಳಗೆ ಅದು ಬಾಣಂತಿಯ ಹಾಗೆ ಬೆಚ್ಚಗಿತ್ತು. "ಒಂದ ದಿನ ಮಾಡಿ ತೋರಸ್ರಿ. ಛಲೋ ಅನ್ನಿಸಿದ್ರ ಮರುದಿನದಿಂದ ಬರ್ರಿ" ಎಂದರು ಡಾಕ್ಟರು. ನಾನು ವಾರವಿಡೀ ಕೂತು ನೋಂದಣಿಯ ವ್ಯವಸ್ಥೆ ಬರೆದೆ. ಪರದೆಯ ಮೇಲೆ ಹೆಸರು, ಗಂಡನ ಅಥವಾ ತಂದೆಯ ಹೆಸರು, ವಯಸ್ಸು, ಊರು, ಕಾಯಿಲೆ. ಒಂದು ಜಾಗ ತುಂಬದೆ ಮುಂದಿನದಕ್ಕೆ ಹೋಗುವಂತೆಯೇ ಇಲ್ಲ. ಕಂಪ್ಯೂಟರು ಕುಂಯ್ ಎಂದು ಅಲ್ಲೇ ನಿಲ್ಲುತ್ತದೆ. ಇದು ನನ್ನ ವಿಶೇಷ ಹೆಮ್ಮೆ. ದಿನಚರಿ ಬರೆಯುವವನಿಗೆ ಖಾಲಿ ಜಾಗ ಕಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಸಂತೆಯ ದಿನ. ಮೊದಲು ಬಂದವಳು ನೀಲವ್ವ. ಹೆಸರು ಹೇಳಿದಳು. ಗಂಡನ ಹೆಸರು ಕೇಳಿದೆ. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮತ್ತೆ ಕೇಳಿದೆ. "ಅದನ್ನ ಹೆಂಗ ಹೇಳ್ಲಿಪಾ?" ಎಂದಳು. ಕಂಪ್ಯೂಟರು ಕುಂಯ್ ಎಂದಿತು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ನಮ್ಮವ್ವನೂ ಹೇಳಿದವಳಲ್ಲ. ಆದರೆ ಹುಬ್ಬಳ್ಳಿಯಲ್ಲಿ ಎಲ್ಲರೂ ಹೊರಗಡೆ ಚೀಟಿ ಬರೆಸಿಕೊಂಡು ಬರುತ್ತಿದ್ದರು, ನಾನು ಚೀಟಿ ನೋಡಿ ಬೆರಳು ಆಡಿಸುತ್ತಿದ್ದೆ. ಹೆಸರು ಹೇಳಲು ಬಾಯಿ ಬೇಕಾಗುತ್ತದೆ ಎನ್ನುವುದನ್ನೇ ಮರೆತಿದ್ದೆ. "ಶಿವನ ಹೆಸರ ಐತಿ ನೋಡ್ರಿ" ಎಂದು ಹಿಂದಿನವಳು ಸಹಾಯಕ್ಕೆ ಬಂದಳು. ಶಿವನಿಗೆ ಸಾವಿರ ಹೆಸರಿವೆ ಎಂದೆ. "ಒಡಪ ಹಾಕಿ ಹೇಳ ನೀಲವ್ವಾ, ಅದಕ್ಕೇನ ದೋಷ ಇಲ್ಲ" ಎಂದಳು ಇನ್ನೊಬ್ಬಳು. ಮದುವೆಮನೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಎರಡು ಸಾಲಿನ ಪದ್ಯದಲ್ಲಿ ಸಿಕ್ಕಿಸಿ ಹೇಳುತ್ತಾರಲ್ಲ, ಅದೇ ಒಡಪು. ನೀಲವ್ವ ಜ್ವರದಲ್ಲೂ ಗಂಟಲು ಸರಿಮಾಡಿಕೊಂಡು, "ಹಳ್ಯಾಳ ಸಂತ್ಯಾಗ ಹಸರ ಬಳಿ ಕೊಂಡೆ, ತೊಟ್ಟ ಕೈ ನೋಡಕೊಂತ ಶಿವಪ್ಪನವರನ್ನ ಕಂಡೆ" ಎಂದಳು. ಸಾಲಿನಲ್ಲಿದ್ದವರೆಲ್ಲ ಕೇಕೆ ಹಾಕಿ ನಕ್ಕರು. ಎರಡನೆಯವಳು ಅದಕ್ಕಿಂತ ಛಲೋದು ಹೇಳಬೇಕೆಂದು ಯೋಚಿಸುತ್ತಾ ನಿಂತಳು. ಮೂರನೆಯವಳು ಹಿಂದೆ ಅಭ್ಯಾಸ ಶುರುಮಾಡಿದಳು. ಒಳಗಿಂದ ಡಾಕ್ಟರು ಗಂಟೆ ಒತ್ತಿ ಒತ್ತಿ ಸಾಕಾಗಿ ಹೊರಗೆ ಬಂದು, "ಏನ್ರಿ ಪ್ರಕಾಶ ಅವರ, ಇದು ದವಾಖಾನಿನೋ ಮದವಿ ಮನಿನೋ?" ಎಂದರು.

ಗಾಬರಿಯಲ್ಲಿ ನಾನೊಂದು ಉಪಾಯ ಮಾಡಿದೆ. ಗಂಡನ ಹೆಸರು ಕೇಳಿದಾಗ ಹೆಂಗಸರೆಲ್ಲ "ನಮ್ಮ ಮನಿಯವರು" ಎಂದು ತೊದಲುತ್ತಿದ್ದರಷ್ಟೆ, ಅದನ್ನೇ ಹಾಕತೊಡಗಿದೆ. ಕಂಪ್ಯೂಟರು ಒಪ್ಪಿತು. ಸಾಲು ಸರಸರನೆ ಕರಗಿತು. ಮಧ್ಯಾಹ್ನ ಡಾಕ್ಟರು ಇಣುಕಿ ನೋಡಿ ಮೆಚ್ಚಿ ತಲೆಯಾಡಿಸಿದಾಗ, ವಿಜಯಾಗೆ ಫೋನು ಮಾಡಿಬಿಡಲೇ ಎನ್ನಿಸಿತು. ಮಾಡಲಿಲ್ಲ, ಅದೊಂದು ಪುಣ್ಯ. ಸಂಜೆ ರಕ್ತದ ವರದಿಗಳು ಬಂದವು. ವರದಿಯ ಮೇಲೆ ರೋಗಿಯ ಹೆಸರು, ಗಂಡನ ಹೆಸರು ಎರಡೇ ಬರುವಂತೆ ನಾನೇ ಅಚ್ಚುಕಟ್ಟು ಮಾಡಿದ್ದೆ. ಆವತ್ತು ಬಂದಿದ್ದ ಲಕ್ಷ್ಮವ್ವಗಳು ನಾಲ್ವರು. ನಾಲ್ವರ ಗಂಡನೂ ಒಬ್ಬನೇ. ನರ್ಸು ತಲೆಯೆತ್ತದೆ ವರದಿ ಓದಿ, "ಬಸುರಿ ಅದೀಯವಾ, ಭಾರ ಎತ್ತಬ್ಯಾಡ" ಎಂದು ಹೇಳಿದ್ದು, ಸಕ್ಕರೆ ಕಾಯಿಲೆ ನೋಡಿಸಲು ಬಂದಿದ್ದ ಅರವತ್ತು ದಾಟಿದ ಲಕ್ಷ್ಮವ್ವನಿಗೆ. ಆಕೆ ಸಾವಕಾಶವಾಗಿ ನನ್ನ ಮೇಜಿನ ಮುಂದೆ ಬಂದು, "ತಮ್ಮಾ, ಮನ್ಯಾಗ ಮೊಮ್ಮಗಳ ಮದವಿ ಐತಿ. ಇದನ್ನ ಯಾರಿಗೆ ಹೆಂಗ ಹೇಳ್ಲಿ?" ಎಂದು ಕೇಳಿದಳು.

ಡಾಕ್ಟರು ಬೈಯಲಿಲ್ಲ. ನಾಲ್ವರನ್ನೂ ಕೂರಿಸಿ ಮತ್ತೆ ರಕ್ತ ತೆಗೆಸಿದರು. ಎಲ್ಲ ಮುಗಿದ ಮೇಲೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, "ಇಷ್ಟ ಮಂದಿಗೆ ಒಬ್ಬಾಂವ ಗಂಡ ಅಂದ್ರ, ಮೊದಲ ಅವನ್ನ ಅಡ್ಮಿಟ್ ಮಾಡೂಣು ಅನ್ನಸ್ತೈತ್ರಿ" ಎಂದರು. ನಾನು ನಗಲು ಪ್ರಯತ್ನಿಸಿದೆ. ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಬಂದು, ಕಸೂತಿಯ ಹೊದಿಕೆಯನ್ನು ಕಂಪ್ಯೂಟರಿಗೆ ಹೊದಿಸಿ ಮೂಲೆಗಳನ್ನು ಎಳೆದು ಸರಿಮಾಡಿದರು.

ಬಸ್ ಸ್ಟ್ಯಾಂಡಿನ ಬೂತಿನಿಂದ ಹುಬ್ಬಳ್ಳಿಗೆ ಫೋನು ಮಾಡಿದೆ. ಶನಿವಾರದ ಸಂಸಾರವಾದರೂ ಆಗಲಿ ಎಂಬ ಮಟ್ಟಕ್ಕೆ ಇಳಿದಿದ್ದೆ. ಮ್ಯಾನೇಜರು ಬಹಳ ಸಂಕೋಚಪಟ್ಟರು. "ದೀಪಾವಳಿತನಕ ಅಂದಿದ್ದು ಖರೇನಪಾ. ಆದ್ರ ಒಬ್ಬಾಕಿ ಹುಡುಗಿ ಬಂದ್ಲು, ಕೀಬೋರ್ಡ್ ನೋಡದನ ಟೈಪ್ ಬಡಿತಾಳ. ಕುರ್ಚಿ ಆಕಿಗೆ ಕೊಟ್ಟೇನಿ" ಎಂದರು. ಆ ದಿನದ ದಿನಚರಿಯಲ್ಲಿ ದಿನಾಂಕ ಮಾತ್ರ ಇದೆ.

ಅದೇ ವಾರ ನನಗೆ ಜ್ವರ ಬಂತು. ವಿಜಯಾ ಕಾಲನಿಯ ದವಾಖಾನೆಗೆ ಕರೆದುಕೊಂಡು ಹೋದಳು. ನೌಕರಿ ಅವಳದು, ಅವಳ ಆಶ್ರಿತ ನಾನು. ಆದ್ದರಿಂದ ಕಂಪೌಂಡರು ದೊಡ್ಡ ವಹಿ ತೆರೆದು ಅವಳನ್ನೇ ಕೇಳಿದರು. ಸಾಲಿನಲ್ಲಿ ಹಿಂದೆ ಶಾಂತಕ್ಕ ಮೊಣಕಾಲು ಹಿಡಿದುಕೊಂಡು ನಿಂತಿದ್ದರು.

"ಗಂಡನ ಹೆಸರ್ರಿ?"

"ಪ್ರಕಾಶ" ಎಂದಳು ವಿಜಯಾ, ಹಾಜರಿ ಕರೆಯುವವರ ಹಾಗೆ. ನನ್ನ ಎದೆ ಸ್ವಲ್ಪ ಉಬ್ಬಿತು. ಇಂಥವರು ಹಳಿಯಾಳದಲ್ಲಿ ಹತ್ತು ಮಂದಿ ಇದ್ದಿದ್ದರೆ ಸಾಕಾಗಿತ್ತು.

"ಉದ್ಯೋಗ?"

ವಿಜಯಾ ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡಳು. ಒಮ್ಮೆ ನನ್ನ ಮುಖ ನೋಡಿ, ಯಾರಾದರೂ ಹೇಳಿಯಾರೇನೋ ಎಂದು ಹಿಂದೆ ತಿರುಗಿದಳು. ಆ ನೋಟ ನನಗೆ ಗೊತ್ತಿತ್ತು, ನೀಲವ್ವನದು ಅದೇ. ಸಾಲು ಕೈಬಿಡಲಿಲ್ಲ. "ಪಾಪ, ಮನ್ಯಾಗ ಇರ್ತಾನ್ರಿ. ಟಿ.ವಿ. ಭಾಳ ಛಲೋ ಮಾಡ್ತಾನ" ಎಂದರು ಶಾಂತಕ್ಕ.

ಕಂಪೌಂಡರು ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು, ವಿಜಯಾಳನ್ನು ನೋಡಿದರು. ಆಮೇಲೆ ಆ ಜಾಗವನ್ನು ಹಾಗೇ ಖಾಲಿ ಬಿಟ್ಟು, "ಜ್ವರ ಎಷ್ಟ ದಿನದಿಂದ ಐತ್ರಿ?" ಎಂದು ಕೇಳಿದರು.

ನನ್ನ ಕಂಪ್ಯೂಟರಾಗಿದ್ದರೆ ಇಷ್ಟರಲ್ಲಿ ಕುಂಯ್ ಎನ್ನುತ್ತಿತ್ತು.