ವಿಳಾಸವಿಲ್ಲದ ಹೆಡ್‌ರೆಸ್ಟ್

ಅತ್ತೆಗೆ ರಸ್ತೆ ಕಾಣಲಿಲ್ಲ. ಶುರುವಾದದ್ದು ಇಷ್ಟಕ್ಕೇ.

ಭಾನುವಾರ ಅತ್ತೆಯನ್ನು ಅವರ ತಂಗಿಯ ಮನೆಗೆ ಕರೆದೊಯ್ಯುವ ಕೆಲಸ ಡ್ರೈವಿಂಗ್ ಮೇಷ್ಟ್ರ ಪಾಲಿಗೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಕೂತ ಅತ್ತೆ ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಕೊನೆಗೆ, "ಅಳಿಯಂದ್ರೇ, ಈ ದಿಂಬು ನೋಡ್ಕೊಂಡೇ ಅಲ್ಲೀವರೆಗೂ ಹೋಗ್ಬೇಕಾ ನಾನು?" ಎಂದು ಕೇಳಿದರು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಹೆಂಡತಿ ಕಿಟಕಿಯಾಚೆ ನೋಡಿದಳು. ಮೇಷ್ಟ್ರು ಇಳಿದು, ತಮ್ಮ ಸೀಟಿನ ಹೆಡ್‌ರೆಸ್ಟ್ ಕಿತ್ತು ಕಾಂಪೌಂಡ್ ಗೋಡೆಯ ಮೇಲಿಟ್ಟು ಗಾಡಿ ಬಿಟ್ಟರು.

ಹೇಳುವುದು ಶಾಸ್ತ್ರ, ಹಾಕುವುದು ಗಾಳ ಅನ್ನುತ್ತಾರಲ್ಲ, ಹಾಗಾಯಿತು. ಏಕೆಂದರೆ ತಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು ಮೊದಲ ದಿನ ಮಾಡುವ ಪಾಠವೇ ಹೆಡ್‌ರೆಸ್ಟಿನದು. "ಇದು ದಿಂಬಲ್ಲ, ಕಾವಲುಗಾರ. ಹಿಂದಿನಿಂದ ಯಾರಾದ್ರೂ ಗುದ್ದಿದ್ರೆ ಸೀಟು ಬೆನ್ನನ್ನ ಮುಂದಕ್ಕೆ ತಳ್ಳುತ್ತೆ. ತಲೆ ಮಾತ್ರ ಹಿಂದೆ ಉಳಿಯುತ್ತೆ. ನಡುವೆ ಸಿಕ್ಕಿಕೊಳ್ಳೋದು ಕತ್ತು. ಆಮೇಲೆ ಒಂದು ತಿಂಗಳು ಹೆಂಡತಿ ಮಾತಿಗೆ ಹೂಂ ಅನ್ನಬಹುದು, ತಲೆ ಆಡಿಸೋಕಾಗಲ್ಲ." ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಹಿಂದಕ್ಕೆ ಬಾಗಿದ ತಲೆಯೊಂದನ್ನೂ ಬರೆದು ತೋರಿಸುತ್ತಿದ್ದರು.

ಗುರುವಾರ ನಾಲ್ಕಕ್ಕೆ ಬ್ರೇಕ್ ಇನ್‌ಸ್ಪೆಕ್ಟರ್ ಎದುರು ಕಾರಿನ ತಪಾಸಣೆ ಇತ್ತು. ಸ್ಕೂಲಿಗೆ ಇದ್ದದ್ದು ಒಂದೇ ಕಾರು. ಅದರ ಅರ್ಹತಾ ಪತ್ರದ ಆಯುಸ್ಸು ಅಂದು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತಿತ್ತು. ತಪಾಸಣೆಯಲ್ಲಿ ಫೇಲಾದರೆ ಮುಂದಿನ ಸರದಿ ಒಂದು ತಿಂಗಳಿಗೆ. ಮರುದಿನವೇ ಏಳು ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ, ಅದೂ ಇದೇ ಕಾರಿನಲ್ಲಿ. ಕಾರಿಲ್ಲ ಅಂದರೆ ಏಳೂ ಜನ ಎದುರು ರಸ್ತೆಯ ಹೊಸ ಡ್ರೈವಿಂಗ್ ಸ್ಕೂಲಿಗೆ ಹೋಗುತ್ತಾರೆ. ಹೋದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಮೇಷ್ಟ್ರಿಗೆ ಮಾತ್ರ ಎಳ್ಳಷ್ಟೂ ಅಳುಕಿರಲಿಲ್ಲ. ಬ್ರೇಕು, ದೀಪ, ಹಾರನ್ನು ಎಲ್ಲ ನೋಡಿ ಮುಗಿಸಿದ್ದರು. ಮಧ್ಯಾಹ್ನ ಎರಡೂವರೆಗೆ ಕಾರು ತೊಳೆದು, ಒರೆಸಿ, ಚೆಂದ ನೋಡಲೆಂದು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದಾಗ ಡ್ರೈವರ್ ಸೀಟು ಬೋಳಾಗಿ ಕಾಣಿಸಿತು.

ಮೂರು ದಿನದಿಂದ ಅವರು ಆ ಸೀಟಿನ ಪಕ್ಕದಲ್ಲೇ ಕೂತು ಪಾಠ ಹೇಳಿದ್ದರು. ಕಣ್ಣೆಲ್ಲ ಶಿಷ್ಯರ ಕಾಲಿನ ಮೇಲಿತ್ತು. ಶಿಷ್ಯರು ನೋಡಿದ್ದರು. ಮೇಷ್ಟ್ರು ಬೇಕೆಂದೇ ಕಿತ್ತಿಟ್ಟು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡು ಏಳೂ ಜನ ಜಾಣತನದಿಂದ ಸುಮ್ಮನಿದ್ದರು.

ಗೋಡೆಯ ಮೇಲೆ ಏನೂ ಇರಲಿಲ್ಲ. ಗೋಡೆಯಾಚೆ ನಿವೃತ್ತ ಪೋಸ್ಟ್‌ಮಾಸ್ಟರು ಗಿಡಕ್ಕೆ ನೀರು ಹಾಕುತ್ತಿದ್ದರು.

"ಕಪ್ಪು ಬಣ್ಣದ್ದು, ಎರಡು ಕಬ್ಬಿಣದ ಕಾಲಿತ್ತಲ್ಲ, ಅದಾ? ವಿಲೇವಾರಿ ಮಾಡ್ದೆ," ಎಂದರು ಅವರು.

"ಏನ್ ಮಾಡಿದ್ರಿ?"

"ವಿಳಾಸ ಇರ್ಲಿಲ್ಲ ಅದಕ್ಕೆ. ಒಂದು ರಾತ್ರಿ ಕಾದೆ, ಯಾರೂ ಬರ್ಲಿಲ್ಲ. ನನ್ನ ಸರ್ವೀಸಲ್ಲಿ ವಿಳಾಸ ಇಲ್ಲ ಅಂತ ಒಂದು ವಸ್ತುವೂ ನನ್ನ ಹತ್ರ ಕೊಳೆತಿಲ್ಲ ಮೇಷ್ಟ್ರೇ. ಯೋಚನೆ ಮಾಡಿದೆ. ಎರಡು ಕಾಲಿದೆ ಅಂದ್ಮೇಲೆ ಎರಡು ತೂತು ಎಲ್ಲೋ ಇರ್ಲೇಬೇಕು. ಮೂಲೆ ಸೆಲೂನಿನ ಕುರ್ಚೀಲಿ ಆ ತೂತು ಇತ್ತು, ಅಲ್ಲಿಗೆ ತಲುಪಿಸ್ದೆ."

ಗೋಡೆಯ ಈ ಪಕ್ಕ ಎರಡು ತೂತಿನ ಕಾರೊಂದು ನಿಂತಿತ್ತು ಎಂದು ಹೇಳಿ ಪ್ರಯೋಜನವಿರಲಿಲ್ಲ. ಮೇಷ್ಟ್ರು ಸೆಲೂನಿಗೆ ಓಡಿದರು.

ಸೆಲೂನಿನ ಕುರ್ಚಿಯ ನೆತ್ತಿಯ ಮೇಲೆ ಅವರ ಹೆಡ್‌ರೆಸ್ಟ್ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು. ಅದಕ್ಕೊರಗಿ ಒಬ್ಬ ಗಿರಾಕಿ ಗೊರಕೆ ಹೊಡೆಯುತ್ತಿದ್ದ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ. ಕಣ್ಣಿನ ಮೇಲೆ ಟವಲ್.

"ನನ್ನದಲ್ಲ ಅಂದೆ ಮೇಷ್ಟ್ರೇ," ಎಂದ ಸೆಲೂನಿನವನು. "ಪೋಸ್ಟ್‌ಮಾಸ್ಟ್ರು ಕೇಳ್ಲಿಲ್ಲ, ಸಹಿ ಹಾಕು ಅಂದ್ರು, ಹಾಕ್ದೆ. ಸ್ವಲ್ಪ ಬಿಗಿ ಇತ್ತು, ಸುತ್ತಿಗೇಲಿ ಎರಡೇಟು ಕೊಟ್ಟೆ. ಅವತ್ತಿಂದ ಕೂತವರೆಲ್ಲ ನಿದ್ದೆ ಹೋಗ್ತಿದ್ದಾರೆ."

"ನನಗೀಗ್ಲೇ ಬೇಕು. ಇವರ್ಯಾರು?"

"ಹೊಸಬರು. ಹೊರಗೆ ನಿಂತಿದೆಯಲ್ಲ, ಆ ಜೀಪಲ್ಲಿ ಬಂದ್ರು. ನಾಲ್ಕಕ್ಕೆ ತಪಾಸಣೆ ಮೈದಾನದಲ್ಲಿ ಇರ್ಬೇಕಂತೆ."

ಮೇಷ್ಟ್ರು ಹೊರಗೆ ಇಣುಕಿದರು. ಸರ್ಕಾರಿ ಜೀಪು. ಯಾವ ಹೆಡ್‌ರೆಸ್ಟನ್ನು ಬ್ರೇಕ್ ಇನ್‌ಸ್ಪೆಕ್ಟರಿಗೆ ತೋರಿಸಬೇಕೋ ಅದರ ಮೇಲೆ ಬ್ರೇಕ್ ಇನ್‌ಸ್ಪೆಕ್ಟರೇ ಮಲಗಿದ್ದಾರೆ. ಎಬ್ಬಿಸಿದರೆ ಗುಟ್ಟು ರಟ್ಟಾಗುತ್ತದೆ, ಎಬ್ಬಿಸದಿದ್ದರೆ ಸ್ಕೂಲು ಮುಚ್ಚುತ್ತದೆ. ಆದರೆ ಮೇಷ್ಟ್ರು ಕಡಿದಾದ ಏರಿನಲ್ಲಿ ಎಂಥೆಂಥ ಶಿಷ್ಯರ ಪಕ್ಕ ಕೂತವರು. ಸುಲಭಕ್ಕೆ ಕೈಚೆಲ್ಲುವ ಆಸಾಮಿಯಲ್ಲ. ಟವಲ್ ಇರುವವರೆಗೆ ಸಾಹೇಬರಿಗೆ ತನ್ನ ಮುಖ ಕಾಣದು ಎಂದು ಧೈರ್ಯ ತಂದುಕೊಂಡರು.

"ನೀನು ತಲೆ ಹಿಡ್ಕೋ. ನಾನು ಎಳೀತೀನಿ," ಎಂದು ಪಿಸುಗುಟ್ಟಿದರು.

ಸೆಲೂನಿನವನು ಎರಡೂ ಅಂಗೈಯಲ್ಲಿ ಗಿರಾಕಿಯ ತಲೆಯನ್ನು ಕುಂಬಳಕಾಯಿಯಂತೆ ಎತ್ತಿ ಹಿಡಿದ. ಮೇಷ್ಟ್ರು ಎಳೆದರು. ಬರಲಿಲ್ಲ. ಕುರ್ಚಿಗೆ ಒಂದು ಕಾಲು ಕೊಟ್ಟು ಎಳೆದರು. ಈ ಸಲ ಹೆಡ್‌ರೆಸ್ಟ್ ಒಮ್ಮೆಲೇ ಕಿತ್ತು ಬಂತು, ಮೇಷ್ಟ್ರು ಹಿಂದಿನ ಶೆಲ್ಫಿಗೆ ಬಡಿದರು, ಪೌಡರ್ ಡಬ್ಬಿ ಉರುಳಿ ಅಂಗಡಿಯೆಲ್ಲ ಬೆಳ್ಳಗಾಯಿತು. ಸೆಲೂನಿನವನಿಗೆ ಸೀನು ಬಂತು. ಸೀನುವವನ ಕೈ ಸಹಜವಾಗಿಯೇ ಮೂಗಿಗೆ ಹೋಯಿತು.

ತಲೆ ಹಿಂದಕ್ಕೆ ಬಿತ್ತು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಮೇಷ್ಟ್ರು ಮೊದಲ ಸಲ ಕಣ್ಣಾರೆ ಕಂಡರು.

"ಅಯ್ಯೋ, ಕತ್ತು," ಎಂದಿತು ಟವಲ್ ಕೆಳಗಿನ ದನಿ. ಅಷ್ಟರಲ್ಲಿ ಮೇಷ್ಟ್ರು ಹೆಡ್‌ರೆಸ್ಟನ್ನು ಕೂಸಿನಂತೆ ಅವಚಿಕೊಂಡು ಬೀದಿ ತಿರುಗಿಯಾಗಿತ್ತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವರ ಕಾರು ತಪಾಸಣೆ ಮೈದಾನದ ಗೇಟಿನೆದುರು ನಿಂತಿತ್ತು. ಹೆಡ್‌ರೆಸ್ಟ್ ಅದರ ಜಾಗದಲ್ಲಿತ್ತು, ನೆತ್ತಿಯ ಮಟ್ಟಕ್ಕೆ ಸರಿಯಾಗಿ. ಹೋದ ಜೀವ ಬಂದಂತಾಗಿ ಮೇಷ್ಟ್ರು ಅದಕ್ಕೆ ತಲೆಯೊರಗಿಸಿ ಕನ್ನಡಿ ನೋಡಿದರು. ಹಿಂದಿನಿಂದ ಅದೇ ಜೀಪು ಬರುತ್ತಿತ್ತು. ಓಡಿಸುತ್ತಿದ್ದವನ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ನೊರೆ ಒಣಗಿತ್ತು. ಕತ್ತು ಕಂಬದಂತೆ ನೆಟ್ಟಗಿತ್ತು.

ಜೀಪು ನಿಲ್ಲಲಿಲ್ಲ. ಢಂ ಎಂದಿತು.

ಬೆನ್ನು ಮುಂದಕ್ಕೆ ಹೋಯಿತು. ತಲೆಯೂ ಅದರ ಜೊತೆಗೇ ಹೋಯಿತು. ಕತ್ತಿಗೆ ಏನೂ ಆಗಲಿಲ್ಲ. ಕಾವಲುಗಾರ ಉಪ್ಪಿನ ಋಣ ತೀರಿಸಿದ್ದ.

ಜೀಪಿನ ಹಿಂಬದಿಯಿಂದ ಸಮವಸ್ತ್ರದ ಹೆಂಗಸೊಬ್ಬರು ಇಳಿದು ಬಂದರು. "ನಾನು ಬ್ರೇಕ್ ಇನ್‌ಸ್ಪೆಕ್ಟರ್. ಕತ್ತು ತಿರುಗಿಸಿ ನೋಡೋಣ."

ಮೇಷ್ಟ್ರು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಕೇಳದಿದ್ದರೂ ಮೇಲಕ್ಕೂ ಕೆಳಕ್ಕೂ ಆಡಿಸಿದರು.

"ಕನ್ನಡಿ ನೋಡಕ್ಕೆ ಕತ್ತು ತಿರುಗಿಸ್ದೆ ಮೇಡಂ, ಜೀವ ಹೋದಂಗಾಯ್ತು, ಕಾಲು ಜಾರ್ತು," ಎಂದು ಡ್ರೈವರ್ ಗೋಳಾಡಿದ. "ಸೆಲೂನಲ್ಲಿ ಯಾರೋ ತಲೆ ಕೆಳಗಿನ ದಿಂಬು ಕಿತ್ಕೊಂಡು ಓಡಿಹೋದ್ರು."

"ಎಂಥೆಂಥ ಜನ ಇರ್ತಾರೆ," ಎಂದರು ಮೇಷ್ಟ್ರು.

ಇನ್‌ಸ್ಪೆಕ್ಟರ್ ಟೇಪು ಹಿಡಿದು ಹೆಡ್‌ರೆಸ್ಟಿನ ಎತ್ತರ ಅಳೆದರು. ಸುತ್ತ ನೆರೆದಿದ್ದವರಿಗೆಲ್ಲ ಕೇಳುವಂತೆ, "ನೋಡ್ಕೊಳ್ಳಿ. ಇದೊಂದು ಇಲ್ಲದಿದ್ರೆ ಇವರು ಈಗ ಆಸ್ಪತ್ರೆಯಲ್ಲಿ ಇರ್ತಿದ್ರು. ಕಾರು ಇಟ್ರೆ ಹೀಗಿಡ್ಬೇಕು," ಎಂದರು. ಮೇಷ್ಟ್ರ ಎದೆ ಎರಡಿಂಚು ಉಬ್ಬಿತು. ಏಳು ಶಿಷ್ಯರೂ ಪಾಸಾಗಿ ಸಾಲಾಗಿ ಬರುವುದು ಕಣ್ಣಿಗೆ ಕಟ್ಟಿತು.

"ಇಲಾಖೆ ಜೀಪಿಂದ ಆದ ಅಪಘಾತ. ವಿಚಾರಣೆ ಇರುತ್ತೆ," ಎನ್ನುತ್ತ ಅವರು ಹೆಡ್‌ರೆಸ್ಟ್ ಎಳೆದು ತೆಗೆದು ಚೀಲಕ್ಕೆ ಹಾಕಿಸಿ ಅರಗಿನ ಮುದ್ರೆ ಒತ್ತಿಸಿದರು. "ಇದು ಸಾಕ್ಷಿ. ಬನ್ನಿ, ಈಗ ನಿಮ್ಮ ಕಾರಿನ ತಪಾಸಣೆ."

ಬ್ರೇಕು ಸರಿಯಿತ್ತು. ದೀಪ ಸರಿಯಿತ್ತು. ಹಾರನ್ನು ಕೇಳಿ ಗೇಟಿನವನು ಬೆಚ್ಚಿದ. ಆಮೇಲೆ ಇನ್‌ಸ್ಪೆಕ್ಟರ್ ಒಳಗೆ ಬಗ್ಗಿ ನೋಡಿ ಬರೆದುಕೊಂಡರು: "ಡ್ರೈವರ್ ಸೀಟಿಗೆ ಹೆಡ್‌ರೆಸ್ಟ್ ಇಲ್ಲ."

"ಮೇಡಂ, ಅದು ನಿಮ್ಮ ಕೈಯಲ್ಲೇ ಇದೆ."

"ನನ್ನ ಕೈಯಲ್ಲಿರೋದನ್ನ ಬರೆಯೋ ಹಾಗಿಲ್ಲ. ಕಾರಲ್ಲಿರೋದನ್ನ ಬರೀಬೇಕು."

"ಪಕ್ಕದ ಸೀಟಿಂದು ತೆಗೆದು ಇಲ್ಲಿಗೆ ಹಾಕ್ತೀನಿ."

"ಹಾಕಿ. ಆಗ ಪಕ್ಕದ ಸೀಟಿಗಿಲ್ಲ ಅಂತ ಬರೀತೀನಿ." ಅವರು ಕಾಗದ ಹರಿದು ಕೊಟ್ಟರು. "ಅದಿಲ್ಲದೆ ಗಾಡಿ ಬಿಟ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಮುಂದಿನ ತಿಂಗಳು ಬನ್ನಿ."

ಮೇಷ್ಟ್ರು ಮನೆಗೆ ಬಂದಾಗ ಅತ್ತೆ ಕೈಚೀಲ ಹಿಡಿದು ತಯಾರಾಗಿ ನಿಂತಿದ್ದರು. ತಂಗಿಯ ಮನೆಯಲ್ಲಿ ಕನ್ನಡಕ ಮರೆತು ಬಂದಿದ್ದರಂತೆ. ಕಾರಿನೊಳಗೆ ಇಣುಕಿದವರಿಗೆ ಬೋಳು ಸೀಟು ಕಂಡಿತು. ಕಣ್ಣು ಒದ್ದೆಯಾಯಿತು.

"ನಾನು ಬಾಯಿಬಿಟ್ಟು ಕೇಳೋಕೆ ಮುಂಚೇನೇ ತೆಗೆದಿಟ್ಟಿದ್ದೀರಲ್ಲ," ಎಂದರು. "ನೋಡೇ ಮಗಳೇ, ಇಂಥ ಅಳಿಯ ಹುಡುಕಿದ್ರೂ ಸಿಗಲ್ಲ. ಇನ್ಮೇಲೆ ಇದು ಹೀಗೇ ಇರ್ಲಿ."

ಅರ್ಹತಾ ಪತ್ರಕ್ಕೆ ಇನ್ನೂ ರಾತ್ರಿ ಹನ್ನೆರಡರವರೆಗೆ ಜೀವವಿತ್ತು. ಮೇಷ್ಟ್ರು ಪಕ್ಕದ ಸೀಟಿನ ಹೆಡ್‌ರೆಸ್ಟ್ ಕಿತ್ತು ತಮ್ಮ ಸೀಟಿಗೆ ಹಾಕಲು ಕೈ ಚಾಚಿದರು, ಹೆಂಡತಿಯ ಮುಖ ನೋಡಿದರು, ಕೈ ಹಿಂದಕ್ಕೆ ತೆಗೆದುಕೊಂಡು ಗಾಡಿ ಸ್ಟಾರ್ಟ್ ಮಾಡಿದರು. ಅತ್ತೆಗೆ ಇಂದು ರಸ್ತೆ ಪೂರ್ತಿ ಕಾಣುತ್ತಿತ್ತು. ಕನ್ನಡಕವಿಲ್ಲದಿದ್ದರೂ ದಾರಿಯುದ್ದಕ್ಕೂ ಅಂಗಡಿಗಳ ದಪ್ಪಕ್ಷರದ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಬಂದರು. ಎದುರು ರಸ್ತೆಯ ಹೊಸ ಡ್ರೈವಿಂಗ್ ಸ್ಕೂಲಿನ ಬೋರ್ಡನ್ನು ಮಾತ್ರ ಎರಡು ಸಲ ಓದಿದರು.