ತಾನಾಗಿ ಮೇಲೇರುವ ಫೇಡರು

ವಯಸ್ಸಾಗುತ್ತ ಬಂದವನ ಕೈಗೆ ಕೆಲಸ ತಪ್ಪಿದರೆ ಅದು ಸುಮ್ಮನೆ ತೊಡೆಯ ಮೇಲೆ ಕೂರುವುದಿಲ್ಲ. ತಲೆ ಕೆರೆಯಲು ಹೋಗುತ್ತದೆ, ಮೂಗಿಗೆ ಹೋಗುತ್ತದೆ, ಎದುರಿಗಿರುವ ಚುರಮರಿಯ ಪೊಟ್ಟಣಕ್ಕಂತೂ ಹೇಳದೆ ಕೇಳದೆ ಹೋಗುತ್ತದೆ. ನನ್ನ ಹೊಟ್ಟೆ ಮುಂದೆ ಬರಲು ನಮ್ಮ ರೇಡಿಯೋ ಸ್ಟೇಷನ್ನಿನ ಹೊಸ ಕಂಪ್ಯೂಟರೇ ಕಾರಣವೆಂದರೆ ನೀವು ನಗಬಹುದು. ನನ್ನ ಹೆಂಡತಿ ಶಾಂತಾ ನಗಲಿಲ್ಲ. "ಹಂಗಾರ ಆ ಕಂಪ್ಯೂಟರಿಗೇ ಹೇಳ್ರಿ, ಹೊಸಾ ಪ್ಯಾಂಟ್ ಹೊಲಿಸಿ ಕೊಡ್ಲಿ" ಅಂದಳು.

ಗೋವಾದಲ್ಲಿ, ಪಣಜಿಯ ಹೊರವಲಯದಲ್ಲಿ ನಮ್ಮದೊಂದು ಸಣ್ಣ ಸ್ಟೇಷನ್. ಅಲ್ಲಿ ನಾನು ಮಿಕ್ಸರ್ ಮೇಜಿನ ಮುಂದೆ ಕೂರುವವನು. ಗಾಜಿನ ಆಚೆ ಯಾರೋ ಮಾತಾಡುತ್ತಾರೆ. ಈಚೆ ನಾನು ಅವರ ಮೈಕಿನ ಫೇಡರನ್ನು, ಅಂದರೆ ಮೇಲೆ ಕೆಳಗೆ ಜಾರುವ ಹಿಡಿಕೆಯನ್ನು, ಬೆರಳಿನಿಂದ ಏರಿಸಿ ಇಳಿಸುತ್ತೇನೆ. ಕೆಮ್ಮು ಬರುವ ಮೊದಲೇ ಇಳಿಸಬೇಕು, ಮಾತು ಬರುವ ಮೊದಲೇ ಏರಿಸಬೇಕು. ಇಷ್ಟೇ ನನ್ನ ವಿದ್ಯೆ. ಕಳೆದ ವರ್ಷ ಈ ವಿದ್ಯೆಯನ್ನೂ ಕಂಪ್ಯೂಟರಿಗೆ ಕೊಟ್ಟುಬಿಟ್ಟರು. ಇಂಥ ಹೊತ್ತಿಗೆ ಈ ಮೈಕ್ ತೆರೆ, ಆ ಹಾಡು ಇಳಿಸು ಎಂದು ಅದಕ್ಕೆ ಮೊದಲೇ ಹೇಳಿಟ್ಟರೆ ಸಾಕು, ನನ್ನ ಮೇಜಿನ ಫೇಡರುಗಳು ಯಾರೂ ಮುಟ್ಟದೆ ತಾವೇ ಏಳುತ್ತವೆ, ತಾವೇ ಬೀಳುತ್ತವೆ. ಮೊದಲ ದಿನ ನಾನು ಮೇಜಿನ ಕೆಳಗೆ ಬಗ್ಗಿ ನೋಡಿದ್ದೆ. ನಾವು ಬೆರಳಿಟ್ಟರೆ ಅದು ಮರ್ಯಾದೆಯಿಂದ ಬಿಟ್ಟುಕೊಡುತ್ತದೆ, ಅದು ನಿಜ. ಆದರೆ ಬೆರಳಿಡಬಾರದೆಂದು ಮ್ಯಾನೇಜರ್ ಸಾಹೇಬರ ಅಪ್ಪಣೆ.

ಗೋವಾಕ್ಕೆ ದುಡಿಯಲು ಬಂದ ನಮ್ಮ ಕಡೆಯ ಮಂದಿಗಾಗಿ ರವಿವಾರ ಬೆಳಿಗ್ಗೆ ಅರ್ಧ ತಾಸು ಕನ್ನಡ. ಅದನ್ನು ನಡೆಸುತ್ತಿದ್ದವರು ಚಿಂಬಲ್‌ನ ಖಾಸೀಮಸಾಬರು. ವಾರವೆಲ್ಲ ಟೆಂಪೋ ಓಡಿಸಿ, ಆ ಒಂದು ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಉಸಗಾಂವದಲ್ಲಿ ಯಾರ ಆಧಾರ್ ಕಾರ್ಡು ಕಳೆದಿದೆ, ಕೆಪೆಯಲ್ಲಿ ಯಾರಿಗೆ ಹೆಣ್ಣು ಹುಟ್ಟಿದೆ, ಎಲ್ಲ ಸುದ್ದಿಯೂ ಅವರಲ್ಲಿರುತ್ತಿತ್ತು. ಅವರದೊಂದು ಚಾಳಿ ಇತ್ತು. "ಏನ್ರಿ ಅಕ್ಕಾರ, ಚಾ ಆತೇನ್ರಿ?" ಎಂದು ಮೈಕಿನಲ್ಲಿ ಕೇಳಿ, ಉತ್ತರಕ್ಕಾಗಿ ಕಾಯುತ್ತಿದ್ದರು. ಖರೇನೇ ಕಾಯುತ್ತಿದ್ದರು. ಎಲ್ಲೆಲ್ಲೋ ತಗಡು ಪತ್ರಾಸಿನ ಮನೆಗಳಲ್ಲಿ ಹೆಣ್ಣುಮಕ್ಕಳು "ಆತ್ರಿ" ಅನ್ನುತ್ತಿದ್ದರಂತೆ. ಕಂಪ್ಯೂಟರಿಗೆ ಇದು ತಿಳಿಯಬೇಕಲ್ಲ! ಮೈಕಿನಲ್ಲಿ ಸದ್ದಿಲ್ಲವೆಂದರೆ ಏನೋ ಕೆಟ್ಟಿದೆ ಎಂದುಕೊಂಡು ಅದು ಹಾಸಿಗೆ ಅಂಗಡಿಯ ಜಾಹೀರಾತು ಹಾಕಿಬಿಟ್ಟಿತು. ಖಾಸೀಮಸಾಬರು ಗಾಜಿನ ಆಚೆಯಿಂದ ಗುಡುಗಿದರು: "ಯಾರಲೇ ಅಂವಾ, ಹಿರ್ಯಾರು ಮಾತಾಡೂ ಮುಂದ ನಡಕ ಬಾಯಿ ಹಾಕಾಂವ?" ಅಂದಿನಿಂದ ಆ ಅರ್ಧ ತಾಸು ಮಾತ್ರ ನಾನು ಕಳ್ಳನಂತೆ ಫೇಡರಿನ ಮೇಲೆ ಬೆರಳಿಟ್ಟುಕೊಂಡೇ ಕೂರುತ್ತಿದ್ದೆ.

ಮಳೆಗಾಲದ ಮೊದಲು ಖಾಸೀಮಸಾಬರು ತೀರಿಕೊಂಡರು. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ. ವಿಜಯಪುರದ ಕಡೆಯ ಅವರ ಊರಿಗೆ ಒಯ್ದರು, ನಾನೂ ಮಣ್ಣಿಗೆ ಹೋಗಿಬಂದೆ. ಅಂಥ ಸಂಕಟ ನನ್ನ ಶತ್ರುವಿಗೂ ಬೇಡ. ಮ್ಯಾನೇಜರ್ ಸಾಹೇಬರು, ಬೆಳಿಗ್ಗೆ ಬೆಳಿಗ್ಗೆ ಸಾವಿನ ಸುದ್ದಿ ಬೇಡ, ಆ ಅರ್ಧ ತಾಸು ಕನ್ನಡ ಹಾಡು ಹಾಕು, ಅವರ ಮೈಕ್ ತೆರೆಯುವ ಆಜ್ಞೆಯನ್ನು ಕಂಪ್ಯೂಟರಿನಿಂದ ಅಳಿಸು ಎಂದರು. ಹಾಡು ಹಾಕಿದೆ. ಅಳಿಸಲು ಮಾತ್ರ ಮನಸ್ಸು ಬರಲಿಲ್ಲ. ಪ್ರತಿ ರವಿವಾರ ಹೊತ್ತಿಗೆ ಸರಿಯಾಗಿ ಆ ಫೇಡರು ತಾನೇ ಮೇಲೇರುವುದು. ಗಾಜಿನ ಆಚೆ ಖಾಲಿ ಕುರ್ಚಿ. ನಾನು ಬೆರಳಿಟ್ಟು ಮೆಲ್ಲಗೆ ಕೆಳಗಿಳಿಸುವುದು. ಚಿಂಬಲ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಪೆ, ಉಸಗಾಂವದ ಮಂದಿಗೆ ಯಾರು ಹೇಳಬೇಕು? ಫೋನ್ ಬರುತ್ತಿತ್ತು: "ಖಾಸೀಮಸಾಬರು ಎಲ್ಲದಾರ್ರಿ?"

"ಊರಿಗೆ ಹೋಗ್ಯಾರ್ರಿ."

"ಯಾವಾಗ ಬರ್ತಾರ್ರಿ?"

"ನೋಡೋಣ್ರಿ" ಎಂದು ಫೋನ್ ಇಡುತ್ತಿದ್ದೆ. ಊರಿಗೆ ಹೋಗಿದ್ದು ಸುಳ್ಳೇನೂ ಅಲ್ಲ. ಆದರೂ ಪ್ರತಿ ಸಲ ಫೋನ್ ಇಟ್ಟ ಮೇಲೆ ಕೈ ಚುರಮರಿಯ ಪೊಟ್ಟಣಕ್ಕೆ ಹೋಗುತ್ತಿತ್ತು.

ಗಂಡ ತೀರಿದ ಮೇಲೆ ಮನೆಯಲ್ಲೇ ಇರಬೇಕಾದ ಇದ್ದತ್ತಿನ ತಿಂಗಳುಗಳು ಮುಗಿದು ಖಾಸೀಮಸಾಬರ ಹೆಂಡತಿ ಜೈತುನಬಿ ಬಂದರು. ಬಂದದ್ದು ಸರಿಯಾಗಿ ರವಿವಾರವೇ, ಅದೇ ಹೊತ್ತಿಗೆ. ಗಂಡ ಕೂರುತ್ತಿದ್ದ ದಿಂಬು ಇಲ್ಲೇ ಇದೆಯಂತೆ, ಬೇಕು ಎಂದರು. ಹಾಡು ಹಚ್ಚಿಟ್ಟು ಅವರನ್ನು ಗಾಜಿನ ಆಚೆಯ ಕೋಣೆಗೆ ಕರೆದುಕೊಂಡು ಹೋದೆ. ಸ್ವಲ್ಪ ಹೊತ್ತಿಗೆ ಕೋಣೆಯ ಸ್ಪೀಕರಿನಲ್ಲಿ ಬರುತ್ತಿದ್ದ ಹಾಡು ತಟ್ಟನೆ ನಿಂತಿತು. ಮೈಕ್ ತೆರೆದರೆ ಒಳಗಿನ ಸ್ಪೀಕರು ತಾನಾಗಿ ಬಂದ್ ಆಗುತ್ತದೆ ಎಂಬುದು ಅರ್ಧ ಆಯುಷ್ಯದಿಂದ ಗೊತ್ತಿರುವ ನನಗೆ ಆಗ ಮಾತ್ರ ಹೊಳೆಯಲಿಲ್ಲ. ಮಾತಾಡಲು ಅನುಕೂಲವಾಯಿತು ಅಂದುಕೊಂಡೆ, ಶತಮೂರ್ಖ.

ಜೈತುನಬಿ ಆ ಕುರ್ಚಿಯಲ್ಲಿ ಕೂತರು. "ಇಷ್ಟ ಸಣ್ಣ ಖೋಲ್ಯಾಗ ಕುಂತು ಊರ ಮಂದೀನೆಲ್ಲಾ ಮಾತಾಡಸ್ತಿದ್ರೇನ್ರಿ?" ಅಂದರು. "ಮನ್ಯಾಗ ಬಾಯಿ ಬಿಡತಿದ್ದಿಲ್ಲ ನೋಡ್ರಿ. ಉಪ್ಪು ಕಮ್ಮಿ ಆಗೇತಿ ಅನ್ನಾಕ ಒಂದು, ಲೈಟ್ ಆರಿಸು ಅನ್ನಾಕ ಒಂದು. ಮಾತೆಲ್ಲಾ ರವಿವಾರಕ್ಕ ಉಳಸತಿದ್ರು. ನಾ ರೊಟ್ಟಿ ಬಡೀತಾ ರೇಡಿಯೋ ಹಚ್ಚಿ, ಅವರು ಕೇಳಿದ್ದಕ್ಕೆಲ್ಲಾ ಜವಾಬ್ ಕೊಡತಿದ್ದೆ. ಎಷ್ಟು ಚಲೋ ಸಂಸಾರ ಮಾಡೇವ್ರಿ ಅಣ್ಣಾರ, ಅರ್ಧ ತಾಸಿನ್ಯಾಗ!" ನಕ್ಕರು. ನಗುತ್ತ ನಗುತ್ತಲೇ ದಿಂಬನ್ನು ಎದೆಗೆ ಒತ್ತಿಕೊಂಡರು. "ಅಷ್ಟು ಮಾತು ಬಲ್ಲ ಮನುಷ್ಯಾ, ಎದಿ ನೋಯಾಕತ್ತೈತಿ ಅಂತ ಒಂದು ಮಾತು ಹೇಳಬಾರದೇನ್ರಿ?"

ನನ್ನಿಂದ ತಡೆಯಲಾಗಲಿಲ್ಲ. "ಭಾಬಿ, ಫೋನ್ ಮಾಡಿದವರಿಗೆಲ್ಲಾ ಊರಿಗೆ ಹೋಗ್ಯಾರ ಅಂತ ಹೇಳಾಕತ್ತೇನಿ. ಸತ್ತಾರ ಅಂತ ಬಾಯಾಗ ಬರವಲ್ದು" ಎಂದವನೇ, ಮೀಸೆ ಹೊತ್ತ ಗಂಡಸು, ಹೋ ಎಂದು ಅತ್ತುಬಿಟ್ಟೆ. ಅವರೇ ನನಗೆ ನೀರು ಕೊಟ್ಟು ಸಮಾಧಾನ ಮಾಡಬೇಕಾಯಿತು.

ಕಣ್ಣು ಒರೆಸಿಕೊಂಡು ಗಾಜಿನ ಆಚೆ ನೋಡಿದರೆ ನನ್ನ ಮೇಜಿನ ಮೇಲೆ ಫೋನಿನ ದೀಪ ಮಿಣುಗುತ್ತಿತ್ತು. ಓಡಿದೆ. ಉಸಗಾಂವದ ಒಬ್ಬ ಹೆಣ್ಣುಮಗಳು. "ಅಣ್ಣಾರ, ಖಾಸೀಮಸಾಬರು ಹ್ವಾದದ್ದು ಖರೇನ್ರಿ? ಆ ಅಕ್ಕಾರಿಗೆ ಅಳಬ್ಯಾಡ್ರಿ ಅಂತ ಹೇಳ್ರಿ, ನಾವೆಲ್ಲಾ ಇಲ್ಲೆ ಅಳಾಕತ್ತೇವಿ." ನನ್ನ ಕಣ್ಣು ಫೇಡರಿನ ಕಡೆ ಹೋಯಿತು. ಪೂರ್ತಿ ಮೇಲೇರಿ ಕೂತಿತ್ತು. ಅದನ್ನು ಇಳಿಸಿ ಮತ್ತೆ ಆಚೆಯ ಕೋಣೆಗೆ ಓಡಿದೆ. ಜೈತುನಬಿಗೆ ಹೇಳಿ ಕೈಮುಗಿದೆ, ತಪ್ಪಾತ್ರಿ ಭಾಬಿ, ಎಲ್ಲಾ ಹೊರಗ ಹೋಗೇತಿ ಎಂದು. ಅವರು ಕುರ್ಚಿಯಿಂದ ಎದ್ದರು. "ಹೋಗ್ಲಿ ಬಿಡ್ರಿ. ಮನಿಮನಿಗೆ ಹೋಗಿ ನಾ ಒಬ್ಬಾಕೀನ ಹೇಳೂದು ಉಳದಿತ್ತು, ತಪ್ಪಿತು" ಎಂದು ದಿಂಬು ಬಗಲಲ್ಲಿ ಇಟ್ಟುಕೊಂಡು ಬಸ್ಸಿಗೆ ಹೋದರು.

ಮ್ಯಾನೇಜರ್ ಸಾಹೇಬರು ಮನೆಯಲ್ಲಿ ಕೂತೇ, ತಮ್ಮ ಮೊಬೈಲಿನಿಂದ, ಆ ಆಜ್ಞೆಯನ್ನು ಅಳಿಸಿದರು. ಮುಂದಿನ ರವಿವಾರ ಫೇಡರು ಏಳಲಿಲ್ಲ. ನಾನು ಸುಮ್ಮನೆ ಅದನ್ನೇ ನೋಡುತ್ತ ಕೂತೆ.

ಜೈತುನಬಿ ಬಂದ ದಿನ ಶಾಂತಾ ರೇಡಿಯೋ ಕೇಳಿದ್ದಳು. "ನಮ್ಮಪ್ಪ ಹ್ವಾದಾಗ ಒಂದು ಹನಿ ಬರಲಿಲ್ಲ ನಿಮಗ" ಎಂದು ಹಂಗಿಸಿದಳು, ಆದರೆ ಆ ಸಂಜೆ ಕೇಳದೆಯೇ ಎರಡು ಸಲ ಚಹಾ ಕೊಟ್ಟಳು. ಕಂಪ್ಯೂಟರು ಪ್ರಸಾರವಾದದ್ದೆಲ್ಲವನ್ನೂ ತುಂಬಿಟ್ಟುಕೊಂಡಿರುತ್ತದಲ್ಲ, ಯಾರೂ ಇಲ್ಲದಾಗ ಹಾಕಿ ಕೇಳಿದೆ. ಜೈತುನಬಿಯ ನಗು, ದಿಂಬಿನ ಸರಪರ, ನನ್ನ ಅಳು, ಎಲ್ಲವೂ ಎಷ್ಟು ಹದವಾಗಿ ಬಂದಿತ್ತೆಂದರೆ ವೃತ್ತಿಯವನಾಗಿ ನಾನು ತಲೆದೂಗಲೇಬೇಕಾಯಿತು. ಆ ಹೊತ್ತಿನಲ್ಲಿ ಫೇಡರು ನನ್ನ ಕೈಯಲ್ಲಿದ್ದಿದ್ದರೆ ಖಂಡಿತ ಇಳಿಸಿಬಿಡುತ್ತಿದ್ದೆ.